ರೆಪ್ಪೆಗೂದಲಿನ ಲೆಕ್ಕ

ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಹುಬ್ಬು ತೀಡಿಕೊಳ್ಳುತ್ತಿರುತ್ತಾನೆ. ಪಕ್ಕದಲ್ಲೊಂದು ಬಲ್ಬು, ಅಷ್ಟೇ ಬೆಳಕು. ಮುಖದ ಫೋಟೋ ತೆಗೆಯುವ ಹುಚ್ಚಿರುವವರಿಗೆ ಇದಕ್ಕಿಂತ ಸೊಗಸಾದ ಜಾಗವಿಲ್ಲ, ಕಷ್ಟದ ಜಾಗವೂ ಇಲ್ಲ.

85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಒಂದೂವರೆ ಮೀಟರ್ ದೂರದಿಂದ ಕ್ಲಿಕ್ಕಿಸಿದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಮೂಡುವುದು ಸುಮಾರು 3 ಸೆಂಟಿಮೀಟರ್ ಆಳ ಮಾತ್ರ. ಫೋಕಸ್ ಮೂಗಿನ ತುದಿಗೆ ಬಿತ್ತೋ, ಕಣ್ಣು ಮಸುಕು. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಲ್ಲಿ ಕಾಡಿಗೆಯ ಗೆರೆ, ರೆಪ್ಪೆಗೂದಲು ಬಿಡಿಬಿಡಿಯಾಗಿ ಕಂಡರೆ ಕಿವಿ, ಕಿರೀಟ ಕರಗಿಹೋದರೂ ಚಿತ್ರ ಗೆಲ್ಲುತ್ತದೆ. ಫೋಕಸ್ ಹಿಡಿದ ಮೇಲೆ ಕ್ಯಾಮೆರಾ ಓರೆ ಮಾಡಿ ಚೌಕಟ್ಟು ಸರಿಪಡಿಸುವ ಅಭ್ಯಾಸ ಹಲವರಿಗಿದೆ. ಇಷ್ಟು ತೆಳುವಾದ ಆಳದಲ್ಲಿ ಆ ಓರೆಯೇ ಕಣ್ಣನ್ನು ತಪ್ಪಿಸಿಬಿಡುತ್ತದೆ. ಫೋಕಸ್ ಬಿಂದುವನ್ನೇ ಕಣ್ಣಿನ ಮೇಲೆ ತಂದು ಕೂರಿಸುವುದು ಮೇಲು.

ಮಬ್ಬಿನಲ್ಲಿ ಆಟೋಫೋಕಸ್ ತಡಕಾಡುವುದಕ್ಕೂ ಕಾರಣವಿದೆ. ಅದಕ್ಕೆ ಬೇಕಾದದ್ದು ಕಪ್ಪು ಬಿಳುಪಿನ ಅಂಚು. ನುಣ್ಣನೆಯ ಕೆನ್ನೆಯಲ್ಲಿ ಅಂಥ ಅಂಚು ಸಿಗದು. ಬಿಳಿ ಕಣ್ಣಗುಡ್ಡೆಗೆ ತಾಗಿದ ಕಾಡಿಗೆಯಲ್ಲಿ ಸಿಗುತ್ತದೆ.

ಆಟೋಫೋಕಸ್ಸೇ ಇಲ್ಲದಿದ್ದ ಕಾಲದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ 'ಬ್ಯಾರಿ ಲಿಂಡನ್' (1975) ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಯ ಬೆಳಕಲ್ಲೇ ಚಿತ್ರೀಕರಿಸಿದ. ನಾಸಾಕ್ಕೆಂದು ಝೈಸ್ ತಯಾರಿಸಿದ್ದ 50 ಎಂಎಂ ಎಫ್ 0.7 ಲೆನ್ಸು ಬೆಳಕನ್ನೇನೋ ಹೀರಿತು, ಆದರೆ ನಟ ತುಸು ಮುಂದೆ ಬಾಗಿದರೂ ಫೋಕಸ್ ಹೋಯಿತೆಂದೇ ಅರ್ಥ. ಫೋಕಸ್ ನೋಡಿಕೊಳ್ಳುತ್ತಿದ್ದ ಡಗ್ಲಸ್ ಮಿಲ್ಸಮ್ ಪಕ್ಕಕ್ಕೊಂದು ವಿಡಿಯೋ ಕ್ಯಾಮೆರಾ ಇಟ್ಟು, ಪರದೆಯ ಮೇಲಿನ ಚೌಕಳಿ ಗೆರೆಗಳಿಂದ ನಟರ ದೂರ ಅಳೆಯುತ್ತಿದ್ದ. ಎಂಥ ಶ್ರದ್ಧೆ! ಛಾಯಾಗ್ರಾಹಕ ಜಾನ್ ಆಲ್ಕಾಟ್‌ಗೆ ಈ ಚಿತ್ರ ಆಸ್ಕರ್ ತಂದಿತು.

ದೊಂದಿ ಬೆಳಕಿನ ಆಟದಲ್ಲಿ ಮಾತ್ರ ಯಾರೂ ಅಲುಗಾಡದೆ ಕೂರುವುದಿಲ್ಲ. ಅಲ್ಲಿ ಚಿತ್ರ ಕೆಟ್ಟರೆ ದೂರು ಲೆನ್ಸಿನ ಮೇಲೆ ಹೋಗುತ್ತದೆ. ದೊಡ್ಡದು ಮಾಡಿ ನೋಡಬೇಕು: ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ, ಹಿಂದಿನ ಪರದೆ ಚೊಕ್ಕವಿದ್ದು ಅದರ ಮೇಲಿನ ಚಿತ್ತಾರ ಎದ್ದು ಕಂಡರೆ ಫೋಕಸ್ ಅಲ್ಲಿಗೆ ಜಾರಿದೆ, ಮುಖವಷ್ಟೇ ಗೆರೆಗೆರೆಯಾಗಿ ಹರಡಿದ್ದರೆ ಕುಣಿತದ ವೇಗಕ್ಕೆ ಶಟರ್ ಸಾಲದಾಗಿದೆ. ಲೆನ್ಸಿನ ಸ್ಟೆಬಿಲೈಸರ್ ತಡೆಯುವುದು ಕೈನಡುಕವನ್ನು, ಕುಣಿತವನ್ನಲ್ಲ. ಶಟರನ್ನು 1/250ಕ್ಕೆ ಏರಿಸಬೇಕು, ಅದಕ್ಕಾಗಿ ಐಎಸ್‌ಒ 6400 ಆದರೂ ಚಿಂತೆಯಿಲ್ಲ. ಚೆಂಡೆಯ ನಡೆ ಬಲ್ಲವರಿಗೆ ಇನ್ನೊಂದು ಅನುಕೂಲವಿದೆ. ಪೆಟ್ಟು ಮುಕ್ತಾಯಕ್ಕೆ ಬಂದಾಗ ವೇಷ ಅರೆಗಳಿಗೆ ನಿಲ್ಲುತ್ತದೆಂದು ಅವರಿಗೆ ಮೊದಲೇ ಗೊತ್ತು. ಆಗ 1/60ರಲ್ಲೂ ಕಣ್ಣು ಸಿಗುತ್ತದೆ.