ಸಾರಥಿಯ ಮಾತು, ಅರಸನ ಮಾತು

ನಾಯಕನಹಟ್ಟಿ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಆ ಗಳಿಗೆ ಕಣ್ಣಿಗೆ ಕಟ್ಟಿದಂತೆ ಇರುತ್ತದೆ. ಊಟ ಮುಗಿಸಿ, ಕಂಬಳಿ ಹೊದ್ದು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಜನ ಕೂತಿದ್ದಾರೆ. ಮದ್ದಳೆ ಕಾವೇರಿದೆ. ಪರದೆ ಸರಿದು ರಾಜ ಬರುತ್ತಾನೆ. ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕೆನ್ನೆಗೆ ಕೆಂಪು ಬಣ್ಣ. ಅಟ್ಟದ ಹಲಗೆ ಅದುರುವ ಹಾಗೆ ಕುಣಿದು ಗಕ್ಕನೆ ನಿಲ್ಲುತ್ತಾನೆ. ಸಾರಥಿ ಕೈಮುಗಿದು, ತಾವು ಧಾರು, ತಮ್ಮ ನಾಮಾಂಕಿತವೇನು ಎಂದು ಕೇಳುತ್ತಾನೆ. ರಾಜ ತನ್ನ ಪಟ್ಟಣ, ವಂಶ, ಪರಾಕ್ರಮ ಎಲ್ಲವನ್ನೂ ಎದೆಯುಬ್ಬಿಸಿ ಹೇಳುತ್ತಾನೆ. ಇಲ್ಲದ ಕಡೆಯೆಲ್ಲ ಮಹಾಪ್ರಾಣ. ಅವನ ಮಾತು ಮುಗಿಯಿತೋ ಇಲ್ಲವೋ, ಸಾರಥಿ ನಮ್ಮ ಕಡೆ ತಿರುಗಿ, ‘ಪಟ್ಟಣ ಏನೋ ದೊಡ್ಡದೈತಿ ಬಿಡಪ್ಪ, ಕುಡಿಯೋಕೆ ನೀರು ಐತೇನು ಕೇಳ್ರೋ’ ಅನ್ನುತ್ತಾನೆ. ಮಲಗಿದ್ದ ಮಕ್ಕಳೂ ಎದ್ದು ಕೂರುತ್ತವೆ.

ಒಂದೇ ಅಟ್ಟ, ಒಂದೇ ರಾತ್ರಿ, ಎರಡು ಬಗೆಯ ಮಾತು. ಅರಸ ಆಡುವ ಮಾತನ್ನು ಭೂಮಿಯ ಮೇಲೆ ಯಾರೂ ಆಡುವುದಿಲ್ಲ. ಸಾರಥಿ ಆಡುವುದನ್ನು ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಕೇಳಬಹುದು. ಕಿರೀಟ ಹೊತ್ತವನು ಮೊನ್ನೆ ತನಕ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದವನು ಎಂದು ನೋಡುವವರಿಗೆಲ್ಲ ಗೊತ್ತು. ಆದರೂ ಅರಸನ ಮಾತು ಸುಳ್ಳು, ಸಾರಥಿಯದು ಮಾತ್ರ ನಿಜ ಎಂದು ಒಬ್ಬರೂ ಅಂದದ್ದಿಲ್ಲ.

ಕಥೆ ಕಾದಂಬರಿಯ ಸಂಭಾಷಣೆ ಹೇಗಿರಬೇಕು ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಈ ಇಬ್ಬರೂ ನೆನಪಾಗುತ್ತಾರೆ. ಜನ ಆಡಿದ ಹಾಗೇ ಬರೆಯಬೇಕು ಅನ್ನುವವರು ಒಂದು ಕಡೆ. ಓದುಗನಿಗೆ ರುಚಿಸಬೇಕು, ಮಾತಿಗೆ ಮಾತು ಕಿಡಿ ಹಾರಬೇಕು ಅನ್ನುವವರು ಇನ್ನೊಂದು ಕಡೆ. ಎರಡು ಪಕ್ಷದವರೂ ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಬಸ್ಸಿನಲ್ಲಿ ಒಮ್ಮೆ ಬಂದರೆ ಒಳ್ಳೆಯದು. ಅಲ್ಲಿ ಕಿವಿಗೆ ಬೀಳುವ ಮಾತು ಸುಮಾರು ಹೀಗಿರುತ್ತದೆ:

‘ಮಳೆ ಹೆಂಗೈತೆ ನಿಮ್ಮ ಕಡೆ?’
‘ಎಲ್ಲೈತಪ್ಪ.’
‘ಶೇಂಗಾ ಹಾಕಿದ್ರಾ?’
‘ಹಾಕೀವಿ.’
‘ಹುಡುಗ?’
‘ಬೆಂಗ್ಳೂರಾಗೈದಾನೆ.’
‘ಹೂಂ.’

ಇಷ್ಟೇ. ಮುಂದಿನ ಊರು ಬರುವ ತನಕ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಬರೆಹಗಾರ ಇದನ್ನು ಹಾಗೇ ಇಳಿಸಿಕೊಂಡು ಇಡೀ ಪುಸ್ತಕ ತುಂಬಿದರೆ ಓದುಗ ಮೂರನೆಯ ಪುಟಕ್ಕೇ ಮುಚ್ಚಿಡುತ್ತಾನೆ. ಆದರೆ ಸರಿಯಾದ ಜಾಗದಲ್ಲಿ ಒಂದೇ ಒಂದು ಸಲ ಇಟ್ಟು ನೋಡಿ. ಮಳೆ ಇಲ್ಲದಿದ್ದರೂ ಬೀಜ ಹಾಕಿದ್ದಾರೆ, ಮಗ ಊರು ಬಿಟ್ಟಿದ್ದಾನೆ, ಮುಂದಿನದನ್ನು ಕೇಳುವ ಧೈರ್ಯ ಕೇಳಿದವನಿಗೂ ಇಲ್ಲ. ಆ ‘ಹೂಂ’ ಒಳಗೆ ಒಂದು ಮನೆತನದ ಕಥೆಯೇ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದೂ ಆರಿಸಿ ಬರೆಯುವುದೇ.

ಆದರೆ ನನಗೆ ನಿಜವಾಗಿ ನೋವು ಕೊಡುವುದು ಬೇರೊಂದು. ಹಳ್ಳಿಯ ಪಾತ್ರ ಬಂತೆಂದರೆ ಸಾಕು, ಕೆಲವರು ಅವನ ಬಾಯಲ್ಲಿ ಹಕಾರ ಕಿತ್ತು, ಒತ್ತಕ್ಷರ ತಪ್ಪಿಸಿ, ನಾಲ್ಕು ಬೈಗುಳ ಸೇರಿಸಿ, ಇದೇ ಸಹಜ ಸಂಭಾಷಣೆ ಅಂದುಬಿಡುತ್ತಾರೆ. ಈ ಸೀಮೆಯ ಜನರ ಮಾತನ್ನು ಅವರು ಕೇಳಿಯೇ ಇಲ್ಲ. ಇಲ್ಲಿನವರು ದಿನವಿಡೀ ಮೊಟಕಾಗಿ ಮಾತಾಡಬಹುದು. ಸಂಗತಿ ದೊಡ್ಡದಾದಾಗ ಮಾತೂ ಎದ್ದು ನಿಲ್ಲುತ್ತದೆ. ಪಂಚಾಯ್ತಿ ಕಟ್ಟೆಯಲ್ಲಿ ಹೊಲದ ಬದುವಿನ ತಕರಾರು ಬಂದಾಗ, ಹೆಣ್ಣು ಕೇಳಲು ಬಂದವರ ಎದುರು ಕೂತಾಗ, ಸತ್ತವರ ಮುಂದೆ ಹಾಡಿಕೊಂಡು ಅಳುವಾಗ ನಮ್ಮ ಅಜ್ಜಿಯರ ಬಾಯಿಂದ ಬರುವ ಮಾತಿಗೆ ಗಾದೆ, ಪ್ರಾಸ, ಹೋಲಿಕೆ ತಾವಾಗಿ ಬಂದು ಸೇರುತ್ತವೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಲೆಕ್ಕವಿಲ್ಲದಷ್ಟು ಹಾಡು ಅವರ ನಾಲಿಗೆಯ ಮೇಲಿದ್ದವು. ಅಂಥ ನೆಲದ ಪಾತ್ರವನ್ನು ತೊದಲಿಸಿ ನಗಿಸುವುದು ಸಹಜವೂ ಅಲ್ಲ, ರಂಜನೆಯೂ ಅಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತನ್ನೇ ನೋಡಿ. ‘ಮಾಡಿದಷ್ಟು ನೀಡು ಭಿಕ್ಷೆ.’ ಕೆರೆ ಕಟ್ಟಿಸುವಾಗ ಕೂಲಿಯವರಿಗೆ ಕೂಲಿ ಹಂಚುತ್ತ ಆಡಿದ್ದು ಎಂದು ಜನ ಹೇಳುತ್ತಾರೆ. ಇದು ಲೆಕ್ಕದ ಮಾತು, ಗುದ್ದಲಿ ಹಿಡಿದವನಿಗೆ ಅರ್ಥವಾಗುವ ಮಾತು. ಆದರೂ ಅದರ ನಡೆ ನೋಡಿ, ಮೂರೇ ಪದ, ನಾಲಿಗೆಗೆ ಹತ್ತಿದರೆ ಬಿಡುವುದಿಲ್ಲ. ಫಾಲ್ಗುಣದಲ್ಲಿ ತೇರು ಎಳೆಯುವ ದಿನ, ಕೊಬ್ಬರಿ ಸುಡುವ ಹೊಗೆಯ ನಡುವೆ ಇದೇ ಮಾತನ್ನು ಹೇಳಿಕೊಂಡು ಹೋಗುವವರನ್ನು ಕಾಣಬಹುದು. ಅದೇ ದಿನ ತೇರಿನ ಮುಕ್ತಿ ಬಾವುಟದ ಹರಾಜು ಕೂಗುವ ದನಿಯೂ ಕೇಳುತ್ತದೆ. ಲಕ್ಷಗಟ್ಟಲೆ ಏರುವ ಆ ಕೂಗಿನಲ್ಲಿ ಯಾವ ನಾಟಕಕಾರನೂ ಕಟ್ಟಲಾರದ ಏರಿಳಿತ ಇರುತ್ತದೆ.

ಈ ಸೀಮೆಯ ಮಾತನ್ನು ಬರೆಹದಲ್ಲಿ ಹಿಡಿದವರು ಚಳ್ಳಕೆರೆ ತಾಲ್ಲೂಕಿನವರೇ ಆದ ಬೆಳಗೆರೆ ಕೃಷ್ಣಶಾಸ್ತ್ರಿಗಳು. ಮುಕುಂದೂರು ಸ್ವಾಮಿಗಳ ಬಗ್ಗೆ ಅವರು ಬರೆದ ‘ಯೇಗ್ದಾಗೆಲ್ಲಾ ಐತೆ’ಯ ಹೆಸರೇ ಆಡುಮಾತು. ಸ್ವಾಮಿಗಳ ಬಾಯಲ್ಲಿ ಸಂಸ್ಕೃತದ ಶಾಸ್ತ್ರಪದಗಳ ಭಾರವಿಲ್ಲ. ಹಿಟ್ಟು, ಹೊಲ, ದನ, ಬಾವಿ, ಇಂಥವುಗಳ ಮೂಲಕವೇ ಅವರು ಆತ್ಮದ ತನಕ ಹೋಗುತ್ತಾರೆ. ಶಾಸ್ತ್ರಿಗಳು ಅದನ್ನು ಶಿಷ್ಟ ಕನ್ನಡಕ್ಕೆ ತಿದ್ದಿದ್ದರೆ ಅದೊಂದು ಪ್ರವಚನ ಆಗುತ್ತಿತ್ತು. ಬರೀ ವಿನೋದಕ್ಕೆ ಬಳಸಿದ್ದರೆ ಪ್ರಹಸನ ಆಗುತ್ತಿತ್ತು. ಅವರು ಎರಡನ್ನೂ ಮಾಡಲಿಲ್ಲ, ಭಕ್ತಿಯಿಂದ ಕಿವಿಗೊಟ್ಟರು. ನಗು ಬರುವ ಕಡೆ ನಗು ಬರುತ್ತದೆ, ಮರುಕ್ಷಣ ಗಂಟಲು ಕಟ್ಟುತ್ತದೆ. ಸಂಭಾಷಣೆ ಬರೆಯುವವರು ಪಾಠದ ಹಾಗೆ ಓದಬೇಕಾದ ಪುಸ್ತಕ ಅದು.

ಇನ್ನು ತಳುಕಿನ ಮನೆತನದ ತ.ರಾ.ಸು. ಅವರದು ಅರಸನ ದಾರಿ. ‘ದುರ್ಗಾಸ್ತಮಾನ’ದ ಮದಕರಿನಾಯಕ ಆಡುವ ತುಂಬುಗನ್ನಡವನ್ನು ೧೭೭೯ರಲ್ಲಿ, ಹೈದರನ ಸೈನ್ಯ ಚಿತ್ರದುರ್ಗದ ಕೋಟೆ ಹಿಡಿಯುವ ಹೊತ್ತಿನಲ್ಲಿ, ಯಾರಾದರೂ ಆಡಿರಬಹುದೇ? ಆಡಿರಲಾರರು. ಆದರೆ ಅದನ್ನು ಗಟ್ಟಿಯಾಗಿ ಓದಿ ನೋಡಿ, ಅಟ್ಟದ ಮೇಲಿನ ದೊಡ್ಡಾಟದ ಅರಸನೇ ಎದ್ದು ಬಂದಂತಾಗುತ್ತದೆ. ದುರ್ಗದ ಜನ ತಮ್ಮ ನಾಯಕರನ್ನು ನೆನೆಯುವಾಗ ಅವರ ಕಿವಿಯಲ್ಲಿ ಮೊಳಗುವ ದನಿ ಅದು. ಆ ನೆನಪು ನಿಜ, ಆದ್ದರಿಂದ ಆ ಮಾತೂ ನಿಜ. ತ.ರಾ.ಸು. ಕಾಲವಾದ ಮರುವರ್ಷ, ೧೯೮೫ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರದೇ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ಮಾಡಿದ ‘ನಾಗರಹಾವು’ ಚಿತ್ರದ ರಾಮಾಚಾರಿ ದುರ್ಗದ ಹುಡುಗ, ಆದರೆ ಆಡುವುದು ಹೆಚ್ಚುಕಡಿಮೆ ಮೈಸೂರು ಸೀಮೆಯ ಕನ್ನಡ. ‘ಐತೆ’, ‘ಐದಾನೆ’ಗಳಿಗೆ ಅಲ್ಲಿ ಜಾಗ ಸಿಗಲಿಲ್ಲ. ನಮ್ಮವರು ಅವನನ್ನು ಎದೆಗಪ್ಪಿಕೊಂಡಿದ್ದಂತೂ ಹೌದು, ಅವನ ಸಿಟ್ಟು ನಮ್ಮ ಕಲ್ಲುಬಂಡೆಗಳದ್ದೇ. ಆದರೂ ಚಾಮಯ್ಯ ಮೇಷ್ಟರ ಮುಂದೆ ತಲೆ ತಗ್ಗಿಸಿ ಅವನು ನಮ್ಮ ನುಡಿಯಲ್ಲಿ ಒಂದೆರಡು ಮಾತು ಆಡಿದ್ದರೆ ಎಂಬ ಆಸೆ ನನ್ನದು. ಆ ಹೊತ್ತಿಗೆ ನಾಟಕಕಾರ ಕೈಲಾಸಂ, ಬೆಂಗಳೂರಿನ ಜನ ಮನೆಯಲ್ಲಿ ಆಡುವ ಮಾತನ್ನೇ ರಂಗಕ್ಕೆ ತಂದು, ಜನ ಹೊಟ್ಟೆ ಹಿಡಿದು ನಗುವಂತೆ ಮಾಡಿ ಅರ್ಧ ಶತಮಾನವೇ ಆಗಿತ್ತು. ಬೆಂಗಳೂರಿನ ಮನೆಮಾತಿಗೆ ಸಿಕ್ಕ ಆ ಮರ್ಯಾದೆ ಬಯಲುಸೀಮೆಗೆ ತಡವಾಗಿ ಸಿಕ್ಕಿತು.

ಮೊಳಕಾಲ್ಮೂರಿನ ಕಡೆ ಹೋದರೆ ಸಂಗತಿ ಇನ್ನೂ ತೊಡಕಾಗುತ್ತದೆ. ಆಂಧ್ರದ ರಾಯದುರ್ಗ ಪಕ್ಕದಲ್ಲೇ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಅಂಗಳಕ್ಕೆ ಬಂದರೆ ಕನ್ನಡ. ತಾಯಿಯೊಡನೆ ಒಂದು, ಊರವರೊಡನೆ ಒಂದು, ಮಗ್ಗದ ಮನೆಯಲ್ಲಿ ಎರಡೂ ಕಲಸಿ. ಇಂಥ ಮನೆಯ ಕಥೆ ಬರೆಯುವವನು ಏನು ಮಾಡಬೇಕು? ಅರ್ಧ ಪುಸ್ತಕ ತೆಲುಗಿನಲ್ಲಿ ಬರೆದರೆ ಕನ್ನಡದ ಓದುಗ ಹೊರಗುಳಿಯುತ್ತಾನೆ. ಎಲ್ಲವನ್ನೂ ಕನ್ನಡ ಮಾಡಿದರೆ ಆ ಮನೆಯೇ ಮಾಯವಾಗುತ್ತದೆ. ನನಗೆ ತೋರುವ ದಾರಿ ಒಂದಿದೆ. ಇಡೀ ವಾಕ್ಯ ಬೇಡ, ಸಂಬಂಧದ ಮಾತುಗಳನ್ನು ಮಾತ್ರ ಹಾಗೇ ಉಳಿಸಬೇಕು. ಮಗಳು ಅಪ್ಪನನ್ನು ‘ನಾಯ್ನ’ ಎಂದು ಕೂಗಲಿ, ಉಳಿದದ್ದನ್ನು ನಮ್ಮ ಕನ್ನಡದಲ್ಲೇ ಹೇಳಲಿ: ‘ನಾಯ್ನ, ಸೀರೆ ಮುಗೀತು, ಸೆರಗು ನೋಡು ಬಾ.’ ಆಕೆ ಯಾವ ಮನೆಯವಳು, ಯಾವ ಕಸುಬಿನವಳು, ಅಪ್ಪನ ಒಂದು ಮೆಚ್ಚುಗೆಗೆ ಎಷ್ಟು ಕಾದಿದ್ದಾಳೆ ಎಂಬುದಕ್ಕೆ ಲೇಖಕ ಬೇರೆ ವಿವರಣೆ ಕೊಡಬೇಕಿಲ್ಲ.