ನಾಲ್ಕು ಬಳೆ ಗಾಡಿ

ನಲವತ್ತು ಲಕ್ಷದ ಕಾರು ಹತ್ತು ಲಕ್ಷಕ್ಕೆ ಸಿಕ್ತದೆ ಅಂದ್ರೆ ಯಾರಿಗೆ ತಾನೆ ಆಸೆ ಆಗಕಿಲ್ಲ, ಹೇಳಿ. ನಮ್ಮನೆಯವ್ರಿಗೆ ಆ ಆಸೆ ಹತ್ತಿಕೊಂಡಿದ್ದು ಮಳವಳ್ಳೀಲಿ ಪಾಲಿಗೆ ಬಂದಿದ್ದ ಸೈಟು ಮಾರಿದ ಮೇಲೆ. ಕೈಗೆ ಹದಿನಾರು ಲಕ್ಷ ಬಂದಿತ್ತು. ಆಲೆಮನೆ ಹೊಗೇಲಿ ಇಪ್ಪತ್ತು ವರ್ಷ ಕಳೆದ ಮನುಷ್ಯ, ಒಂದೇ ಸಲಕ್ಕೆ ಅಷ್ಟು ದುಡ್ಡು ನೋಡಿದ್ದು ಅದೇ ಮೊದಲು. ಮೂರನೇ ದಿವ್ಸಕ್ಕೆ ಫೋನ್ ತಂದು ನನ್ನ ಮುಂದೆ ಹಿಡಿದು, "ನೋಡಮ್ಮಿ, 2016ರ ಗಾಡಿ. ಅರವತ್ತು ಸಾವ್ರವೂ ಓಡಿಲ್ಲ" ಅಂದ್ರು. ಬಿಳೀ ಕಾರು, ಮೂತಿ ಮೇಲೆ ನಾಲ್ಕು ಬಳೆ ಸಾಲಾಗಿ ಪೋಣಿಸಿದಂಗೆ ಗುರುತು. ಆಡಿ ಕ್ಯೂ3 ಅಂತೆ. ನಮ್ಮತ್ತೆ ಅದಕ್ಕೆ ಆವತ್ತೇ ನಾಲ್ಕು ಬಳೆ ಗಾಡಿ ಅಂತ ಹೆಸರಿಟ್ರು.

ನಮ್ಮ ಕಿರುಗಾವಲಿಗೆ ಇಂಥ ಕಾರು ಹೊಸದೇನಲ್ಲ. ಸೈಯದ್ ಗನಿ ಖಾನ್ ಅವರ ಭತ್ತದ ತಳಿಗಳು, ಬಡಾಬಾಗ್ ಮಾವಿನ ಮರಗಳು ಇವನ್ನೆಲ್ಲ ನೋಡೋಕೆ ಎತ್ತೆತ್ಲಾಗಿಂದಲೋ ಜನ ಬತ್ತಾನೆ ಇರ್ತಾರೆ. ಆದ್ರೆ ಅವೆಲ್ಲ ಬಂದು ಹೋಗೋ ಕಾರು. ಹುಲ್ಲಿನ ಮೆದೆ ಪಕ್ಕ ಮಡಿಕ್ಕೊಂಡು ಸಾಕೋದು ಬ್ಯಾರೆ ಮಾತು.

ನಾನು ಕೇಳಿದ್ದು ಒಂದೇ. ಅದೇ ಹತ್ತು ಲಕ್ಷಕ್ಕೆ ಹೊಸಾ ಬ್ರೆಝಾನೋ ನೆಕ್ಸಾನೋ ಬತ್ತದೆ, ಗ್ಯಾರಂಟಿ ಇರ್ತದೆ, ರಿಪೇರಿ ಮಂಡ್ಯದಲ್ಲೇ ಆಯ್ತದೆ, ಹಳೇದ್ಯಾಕೆ? ಅವ್ರು ಮಾತಾಡ್ಲಿಲ್ಲ. ನನಗೆ ಗೊತ್ತಿತ್ತು ಯಾಕೆ ಅಂತ. ಅದರ ಹಿಂದಿನ ವರ್ಷ ಮೈಸೂರಲ್ಲಿ ನೆಂಟರ ಮದುವೆ. ನಮ್ಮ ಹಳೇ ಓಮ್ನೀಲಿ ಹೋಗಿದ್ವಿ. ಛತ್ರದ ಬಾಗಿಲಲ್ಲಿ ನಿಂತಿದ್ದ ಸೆಕ್ಯೂರಿಟಿ, "ಅಡುಗೆಯೋರ ಗಾಡಿ ಹಿಂದಕ್ಕೆ ಹಾಕಿ" ಅಂದ. ಜರತಾರಿ ಪಂಚೆ ಉಟ್ಟಿದ್ದ ನಮ್ಮನೆಯವ್ರು ತುಟಿ ಪಿಟಕ್ಕನ್ನದೆ ಹಿಂದಕ್ಕೆ ಹಾಕಿದ್ರು. ಎರಡೂ ಮಂಡಿ ಆಪರೇಷನ್ ಆಗಿದ್ದ ಅತ್ತೆ ಅಲ್ಲಿಂದ ಪಾತ್ರೆ ತೊಳೆಯೋ ಜಾಗ ದಾಟ್ಕೊಂಡು ನಡೆದು ಬಂದ್ರು. ಆ ಮುಖ ನಾನು ನೋಡಿದ್ದೆ. ಶೋಕಿಗೆ ಕಾರು ತಗಂತಾರೆ ಅಂತ ಊರು ಅಂದುಕೊಳ್ಳಲಿ, ನಾನು ಅನ್ನಕಿಲ್ಲ.

ಹಂಗಂತ ದುಡ್ಡೆಲ್ಲ ಸುರಿಯಕ್ಕಾಯ್ತದಾ? ಮಗಳು ಸೆಕೆಂಡ್ ಪಿಯುಸಿ, ಏಪ್ರಿಲ್‌ನಲ್ಲಿ ಸಿಇಟಿ. ಹದಿನಾರನ್ನ ಮೂರು ಗಂಟು ಕಟ್ಟಿದೆ. ನಾಲ್ಕು ಲಕ್ಷ ಮಗಳ ಓದಿಗೆ, ಅದನ್ನ ಯಾರೂ ಮುಟ್ಟಂಗಿಲ್ಲ. ಹತ್ತು ಲಕ್ಷದೊಳಗೆ ಕಾರು, ಕಾಗದ ಪತ್ರ ಎಲ್ಲ ಸೇರಿ. ಇನ್ನೆರಡು ಲಕ್ಷ ಕಾರಿನ ಹೆಸರಲ್ಲಿ ಬ್ಯಾಂಕಲ್ಲಿ, ಪಾಸ್‌ಬುಕ್ಕು ನನ್ನ ಹತ್ರ. ಕಮ್ಮಿ ಬಿದ್ರೆ ನನ್ನ ಸರ ಅಡ ಇಡೋ ಮಾತು ಎತ್ತಬಾರದು. ಅವ್ರು ಒಪ್ಪಿದ್ರು. "ಕಾರಿಗ್ಯಾಕೆ ಎರಡು ಲಕ್ಷ, ಅದೇನು ಹೆಣ್ಣು ಮಗೀನಾ?" ಅಂತ ಒಸಿ ಗೊಣಗಿದ್ರು ಅಷ್ಟೆ.

ಯಾಕೆ ಅಂದ್ರೆ, ಇಂಥ ಗಾಡಿಗಳಲ್ಲಿ ಕಾರಿನ ಬೆಲೆ ಇಳಿದಂಗೆ ಸಾಮಾನಿನ ಬೆಲೆ ಇಳಿಯಕಿಲ್ಲ. ಕಾರು ಹತ್ತು ಲಕ್ಷಕ್ಕೆ ಬಂದಿರ್ತದೆ, ಅದರ ಹೆಡ್‌ಲೈಟು, ಬಂಪರು, ಸೆನ್ಸರ್ ಎಲ್ಲ ಇನ್ನೂ ನಲವತ್ತು ಲಕ್ಷದ ಕಾರಿನ ಸಾಮಾನೇ. ಕ್ಯೂ3 ಆಗಲಿ, ಬಿಎಂಡಬ್ಲ್ಯು ಎಕ್ಸ್1 ಆಗಲಿ, ಬೆಂಜ್ ಜಿಎಲ್‌ಎ ಆಗಲಿ, ಇದರಲ್ಲಿ ಭೇದ ಇಲ್ಲ. ನಾನು ಲೆಕ್ಕ ಹಾಕೋದು ಕಬ್ಬಲ್ಲಿ. 2024-25ಕ್ಕೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ಬೆಲೆ ಕ್ವಿಂಟಲ್‌ಗೆ 340 ರೂಪಾಯಿ. ಅದು ಸಕ್ಕರೆ ಇಳುವರಿ ನೂರಕ್ಕೆ 10.25 ಬಂದ್ರೆ. 9.5ಕ್ಕಿಂತ ಕೆಳಗೆ ಬಂದ್ರೆ 315 ರೂಪಾಯಿ 10 ಪೈಸೆ. ಕೆಳಗಿನ ಲೆಕ್ಕವನ್ನೇ ಹಿಡಿಯೋದು ನನ್ನ ಅಭ್ಯಾಸ. ಟನ್ನಿಗೆ 3,151 ಆಯ್ತು. ಹತ್ತು ಲಕ್ಷ ಅಂದ್ರೆ 317 ಟನ್ನು. ಎಕರೆಗೆ ನಲವತ್ತು ಟನ್ ಬಂದ್ರೂ ಎಂಟು ಎಕರೆಯ ಕಬ್ಬು, ಕಡಿಯೋ ಕೂಲಿ ಸಾಗಿಸೋ ಬಾಡಿಗೆ ಕಳೀದೆ. ನಾಲ್ಕು ಟಯರ್ ಬದಲಿಸೋಕೆ ಐವತ್ತು ಸಾವ್ರ ಅಂದ್ರು, ಅಂದ್ರೆ ಹದಿನಾರು ಟನ್ನು. ಹಿಂಗೆ ಹೇಳಿದ ಮೇಲೆ ನಮ್ಮನೆಯವ್ರ ಗೊಣಗಾಟ ನಿಂತೋಯ್ತು.

ಮೊದಲು ಆಸೆ ಹುಟ್ಟಿಸಿದ್ದು ದಿಲ್ಲಿ ಗಾಡಿಗಳು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಿಸಂಗಿಲ್ಲ ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಅದಕ್ಕೇ ಆಗ ಅಲ್ಲಿ ವಯಸ್ಸಾಗ್ತಾ ಬಂದ ಡೀಸೆಲ್ ಗಾಡಿ ಅಗ್ಗವಾಗಿತ್ತು. ಆದ್ರೆ ಇಲ್ಲಿಗೆ ತಂದ್ರೆ ಅಲ್ಲಿಂದ ಎನ್‌ಒಸಿ ತರಬೇಕು, ನಮ್ಮ ರಾಜ್ಯದ ಆಜೀವ ತೆರಿಗೆ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಹೊಸಾ ಕಾರಿಗೆ ಕರ್ನಾಟಕದಲ್ಲಿ ಈ ತೆರಿಗೆ ನೂರಕ್ಕೆ 18. ಹಳೇದಕ್ಕೆ ವಯಸ್ಸು ನೋಡಿ ಒಸಿ ಇಳಿಸ್ತಾರೆ, ಆದ್ರೆ ಲೆಕ್ಕ ಹಿಡಿಯೋದು ಅದು ಹೊಸದಾಗಿದ್ದಾಗಿನ ಬೆಲೆ ಮೇಲೆ, ನೀವು ಕೊಟ್ಟ ಬೆಲೆ ಮೇಲಲ್ಲ. ಇಲ್ಲೇ ರಿಜಿಸ್ಟರ್ ಆದ ಗಾಡಿಯಾದ್ರೆ ಮೊದಲನೆಯವ್ರು ಕಟ್ಟಿರ್ತಾರೆ, ಮತ್ತೆ ಕೊಡಂಗಿಲ್ಲ. ದಿಲ್ಲಿ ಅಲ್ಲಿಗೆ ಮುಗೀತು.

ಆಮೇಲೆ ಬೆಂಗಳೂರು. ಕಂಪನಿ ಹೆಸರು ಬ್ಯಾಡ, ಇದೂ ಅದೇ ಜಾತಿ ಕಾರು. ಎಂಟೂವರೆ ಲಕ್ಷ ಅಂದ್ರು. ನೀಲಿ ಬಣ್ಣ ಕನ್ನಡಿ ಹೊಳೆದಂಗೆ ಹೊಳೀತಿತ್ತು, ಒಳಗೆ ಮಲ್ಲಿಗೆ ಸೆಂಟು. ಮಾರೋನು ಬಾನೆಟ್ ಎತ್ತಿ ಎಂಜಿನ್ ಬಗ್ಗೆ ಹೇಳ್ತಿದ್ದ, ನಮ್ಮನೆಯವ್ರು ತಲೆ ಆಡಿಸ್ತಿದ್ರು. ನಾನು ಹಿಂದಿನ ಸೀಟಲ್ಲಿ ಕೂತೆ. ಸೆಂಟಿನ ಕೆಳಗೆ ಇನ್ನೊಂದು ವಾಸ್ನೆ. ಭತ್ತದ ಮೂಟೆ ಒದ್ದೆ ನೆಲದ ಮೇಲೆ ಹದಿನೈದು ದಿನ ಬಿಟ್ಟು ಬಿಚ್ಚಿದ್ರೆ ಬತ್ತದಲ್ಲ, ಆ ಮುಗ್ಗಲು ವಾಸ್ನೆ. ಸೊಸೆಯಾಗಿ ಬಂದಾಗಿನಿಂದ ಮೂಟೆ ಮೂಸಿ ನೋಡಿರೋ ಮೂಗು ಇದು. ಸೀಟ್ ಬೆಲ್ಟ್ ಎಳೆದೆ. ಸಾಮಾನ್ಯವಾಗಿ ಯಾರೂ ಎಳೆಯದಷ್ಟು, ಕೊನೇ ತನಕ ಎಳೆದೆ. ಒಳಗಿದ್ದ ಭಾಗದಲ್ಲಿ ಗೋಡು ಮಣ್ಣಿನ ಬಣ್ಣದ ಅಂಚು, ಕೆರೆ ನೀರು ಇಳಿದ ಮೇಲೆ ತೂಬಿನ ಕಲ್ಲ ಮೇಲೆ ಗೆರೆ ಉಳಿದಂಗೆ. ಸೀಟಿನ ಕೆಳಗಿನ ಬೋಲ್ಟೆಲ್ಲ ತುಕ್ಕು.

2022ರ ಸೆಪ್ಟೆಂಬರ್ ಮೊದಲ ವಾರ ನೆನಪದೆಯಾ? ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಎಲ್ಲ ನೀರು ನಿಂತು, ಸಾಫ್ಟ್‌ವೇರ್‌ನೋರು ಟ್ರ್ಯಾಕ್ಟರ್ ಹತ್ಕೊಂಡು ಆಫೀಸಿಗೆ ಹೋಗಿದ್ದು ಟೀವೀಲಿ ಬಂತು. ನಮ್ಮ ಟ್ರ್ಯಾಕ್ಟರಿಗೂ ಕಾಲ ಬಂತು ಅಂತ ಇಲ್ಲಿ ನಾವು ನಕ್ಕಿದ್ವಿ. ಆವತ್ತು ದೊಡ್ಡ ದೊಡ್ಡ ಕಾರುಗಳು ನೀರಲ್ಲಿ ಮುಳುಗಿ ನಿಂತಿದ್ವು. ಹಂಗೆ ಮುಳುಗಿದ ಕಾರಿಗೆ ಇನ್ಶೂರೆನ್ಸ್‌ನೋರು ಪೂರ್ತಿ ನಷ್ಟ ಅಂತ ದುಡ್ಡು ಕೊಟ್ಟು ಗುಜರಿಗೆ ಹಾಕ್ತಾರೆ. ಗುಜರೀಲಿ ಕೊಂಡೋರು ತೊಳೆದು, ಒಣಗಿಸಿ, ಮತ್ತೆ ಸಂತೆಗೆ ಬುಡ್ತಾರೆ. ಈ ಗಾಡಿಗಳಲ್ಲಿ ಕಂಪ್ಯೂಟರ್, ವೈರು ಎಲ್ಲ ಕಾರ್ಪೆಟ್ಟಿನ ಕೆಳಗೇ ಹರಿದಾಡ್ತವೆ. ಅದರ ತುದೀಲಿ ಹಸಿರು ಕಿಲುಬು ಕಟ್ಟೋಕೆ ಟೈಮ್ ಬೇಕು, ಅಲ್ಲೀತನಕ ಗಾಡಿ ಸಂದಾಗೇ ಓಡ್ತದೆ. ಈ ಕಾರು ಅದೇ ಮಳೇಲಿ ಮುಳುಗಿತ್ತೋ ಬೇರೆ ಎಲ್ಲಿ ಮುಳುಗಿತ್ತೋ, ನೀರಂತೂ ಕುಡಿದಿತ್ತು. ಬೆಲ್ಟು ಹಂಗೇ ಹಿಡ್ಕೊಂಡು "ಏನೂಂದ್ರೆ, ಬನ್ನಿ ಇಲ್ಲಿ" ಅಂದೆ. ಅವ್ರು ನೋಡಿದ್ರು. ಮಾರೋನು, "ಮೇಡಂ, ಅದು ಬರೀ ಧೂಳು" ಅಂದ. ಕನಕಪುರ ದಾಟೋ ತನಕ ನಮ್ಮನೆಯವ್ರು ಮಾತಾಡ್ಲಿಲ್ಲ. ಹಲಗೂರಲ್ಲಿ ಟೀ ಕುಡಿಯುವಾಗ, "ಒಂದೂವರೆ ಲಕ್ಷ ಕಮ್ಮಿ ಅಂತ ನಾನು ಅಲ್ಲೇ ಅಡ್ವಾನ್ಸ್ ಕೊಡೋನಿದ್ದೆ ಕಣಮ್ಮಿ" ಅಂದ್ರು.

ಎರಡನೇದು ಬೇಗ ಹೇಳಿ ಮುಗಿಸ್ತೀನಿ. ಮೀಟರಲ್ಲಿ 58,000 ಇತ್ತು. ಮೈಸೂರಿನ ಮೆಕ್ಯಾನಿಕ್ ಹುಡುಗ ಸ್ಕ್ಯಾನರ್ ಸಿಕ್ಕಿಸಿದಾಗ ಗೇರ್‌ಬಾಕ್ಸಿನ ಕಂಪ್ಯೂಟರ್ ಲಕ್ಷದ ಮೇಲೆ ತೋರಿಸ್ತು. ಇನ್ನೊಂದು ಕಡೆ ಬರೆದಿಟ್ಟಿರ್ತದೆ ಅನ್ನೋದು ತಿದ್ದಿದೋನಿಗೆ ಗೊತ್ತಿರಲಿಲ್ಲ.

ಮೂರನೇದು ಮೈಸೂರಿನ ಕುವೆಂಪುನಗರದಲ್ಲಿ, ರಿಟೈರಾದ ದಂಪತಿಗಳದ್ದು. ಕೆಎ-09 ನಂಬರು, 2016ರ ಕ್ಯೂ3, 62,000 ಓಡಿತ್ತು. ಸರ್ವೀಸ್ ಬಿಲ್ಲೆಲ್ಲ ತಾರೀಕಿನ ಪ್ರಕಾರ ಫೈಲಲ್ಲಿ ಜೋಡಿಸಿದ್ರು. ಬೆಳಗ್ಗೆ ನಾವು ಬರೋಕೆ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ವಿ. ಬಿಸಿ ಎಂಜಿನ್ನು ಎಷ್ಟೋ ಕಾಯಿಲೆ ಮುಚ್ಚಿಬುಡ್ತದೆ. ಬಾನೆಟ್ ಮುಟ್ಟಿ ನೋಡಿದ್ರೆ ತಣ್ಣಗಿತ್ತು. ಬೆಲ್ಟೂ ಎಳೆದೆ, ಆ ಅಮ್ಮ ನಕ್ರು. ಎರಡು ವಿಷಯಕ್ಕೆ ಚೌಕಾಸಿ ಮಾಡಿದ್ವಿ. ಟಯರಿನ ಪಕ್ಕದಲ್ಲಿ 1419 ಅಂತ ಒತ್ತಿತ್ತು. 2019ರ ಹದಿನಾಲ್ಕನೇ ವಾರದ ಮಾಲು ಅಂತ ಅರ್ಥ, ಸವೆದಿರದಿದ್ರೂ ರಬ್ಬರಿಗೆ ಆರು ವರ್ಷ ಆಗ್ತಾ ಬಂದಿತ್ತು. ಇನ್ನೊಂದು, ಈ ಎರಡು ಕ್ಲಚ್ಚಿನ ಗೇರ್‌ಬಾಕ್ಸಿಗೆ 60,000ಕ್ಕೆ ಎಣ್ಣೆ ಬದಲಿಸಬೇಕು, ಆ ಬಿಲ್ ಫೈಲಲ್ಲಿ ಇರಲಿಲ್ಲ. ಹತ್ತು ಲಕ್ಷದ ನಲವತ್ತು ಸಾವ್ರದಿಂದ ಒಂಬತ್ತು ಲಕ್ಷದ ಅರವತ್ತಕ್ಕೆ ಇಳಿದ್ರು. ಟವಲ್ ಕೆಳಗೆ ಬೆರಳು ಹಿಡಿದು ಎತ್ತು ಯಾಪಾರ ಮಾಡಿದೋರ ಮಗ ನಮ್ಮನೆಯವ್ರು, ಅಲ್ಲಿ ಮಾತ್ರ ನಾನು ಬಾಯಿ ಹಾಕ್ಲಿಲ್ಲ.

ಕಾಗದದ ಕೆಲಸ ನನ್ನದು. ಫಾರಂ 29, ಫಾರಂ 30. ಮಾರಿದೋರು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡೋರು ಮೂವತ್ತು ದಿನದೊಳಗೆ. ಇನ್ಶೂರೆನ್ಸ್ ಹೆಸರನ್ನೂ ಹದಿನಾಲ್ಕು ದಿನದೊಳಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ರೆ ಗುದ್ದಿದಾಗ ನಮ್ಮ ಗಾಡಿಗೆ ಆದ ನಷ್ಟ ಕೇಳೋಕೆ ಹೋದ್ರೆ ತಕರಾರು. ಕ್ಲೇಮ್ ಮಾಡ್ದೇ ಇದ್ದದ್ದಕ್ಕೆ ಸಿಗೋ ರಿಯಾಯಿತಿ ಅವ್ರದ್ದು, ಕಾರಿನ ಜೊತೆ ನಮಗೆ ಬರಕಿಲ್ಲ. ಸಿಗ್ನಲ್ ಹಾರಿದ್ದ ಎರಡು ದಂಡ ಬಾಕಿ ಇತ್ತು, ಆ ಯಜಮಾನ್ರು ನಮ್ಮೆದುರೇ ಕಟ್ಟಿದ್ರು. ಯಾವತ್ತು ಹಾರಿದ್ದು ಅಂತ ಆ ಅಮ್ಮ ಕೇಳಿದ್ದಕ್ಕೆ ಅವ್ರು ಉತ್ತರ ಕೊಡ್ಲಿಲ್ಲ.

ಬನ್ನೂರು ಮೇಲೆ ಮನೆಗೆ ತಂದಾಗ ಅತ್ತೆ ಬಾಗಿಲಲ್ಲಿ ಕಾಯ್ತಿದ್ರು. ಓಮ್ನಿಗೆ ಅವ್ರು ಹತ್ತಬೇಕಿತ್ತು, ತಮ್ಮನ ಆಲ್ಟೋಗೆ ಇಳಿದು ಕೂರಬೇಕಿತ್ತು. ಎರಡಕ್ಕೂ ಮಂಡಿ ಒಪ್ಪುತಿರಲಿಲ್ಲ. ಇದಕ್ಕೆ ಬೆನ್ನು ಮಾಡಿ ನಿಂತು ಹಂಗೇ ಕೂತ್ರು, ಆಮೇಲೆ ಕಾಲು ಒಳಗೆ ಎಳ್ಕೊಂಡ್ರು. "ಜಗಲಿ ಮೇಲೆ ಕೂತಂಗದೆ ಕಣವ್ವ" ಅಂದ್ರು. ಬ್ರೆಝಾ ಆಗಿದ್ರೂ ಇದೇ ಎತ್ತರ ಇರೋದು, ಅದನ್ನ ನಾನು ಬಾಯಿಬಿಟ್ಟು ಹೇಳ್ಲಿಲ್ಲ.

ಹುಲ್ಲಿನ ಮೆದೆಯಿಂದ ದೂರಕ್ಕೆ ಹೊಸಾ ಶೆಡ್ ಹಾಕಿದ್ವಿ, ಇಲಿ ಕಾಟಕ್ಕೆ. ಒಂದು ವೈರು ಕಡಿದ್ರೂ ಮೈಸೂರಿಗೆ ಎಳೆಸಬೇಕು. ಕಬ್ಬಿನ ಟ್ರ್ಯಾಕ್ಟರ್ ಓಡಾಡೋ ತಿಂಗಳಲ್ಲಿ ರಾತ್ರಿ ಹೊರಗೆ ತೆಗೆಯಂಗಿಲ್ಲ ಅಂತ ಅವ್ರೇ ಕಟ್ಟು ಮಾಡ್ಕೊಂಡವ್ರೆ. ಎರಡು ಲಕ್ಷದ ಗಂಟಲ್ಲಿ ಟಯರಿಗೆ, ಗೇರ್ ಎಣ್ಣೆಗೆ ಅಂತ ಎಪ್ಪತ್ತು ಸಾವ್ರ ಹೋಯ್ತು. ಮೊನ್ನೆ ಆಲೆಮನೆ ಕೊಪ್ಪರಿಗೆ ತೂತಾಗದೆ, ಒಸಿ ಕೊಡು, ಕಬ್ಬಿನ ದುಡ್ಡು ಬಂದೇಟಿಗೆ ಹಾಕ್ತೀನಿ ಅಂತ ಕೇಳಿದ್ರು. ಇಲ್ಲ ಅಂದೆ. ಗೌರಿ ಹಬ್ಬದೊಳಗೆ ಬ್ಯಾಟರಿ ಬದಲಿಸಬೇಕು ಅಂತ ಮೆಕ್ಯಾನಿಕ್ ಹುಡುಗ ಹೇಳವ್ನೆ.