ಬಾಗಿಲ ಹಿಂದಿನ ಪಟ

ನರಸಿಂಹರಾಜಪುರದ ನಮ್ಮ ಮನೆಯ ನಡುಮನೆಯಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿಯ ಪಟವೊಂದಿತ್ತು. ಅಜ್ಜಿ ದಿನವೂ ಸಂಜೆ ಅದರ ಮುಂದೆ ದೀಪ ಹಚ್ಚುತ್ತಿದ್ದರು. ವೀತರಾಗನಾದ ಜಿನನು ಬೇಡಿದ್ದನ್ನು ಕೊಡುವವನಲ್ಲ. ಹಾಗಿರುವಾಗ ಚಂದ್ರಪ್ರಭನ ಯಕ್ಷಿಯಲ್ಲಿ ಬೇಡುವುದೇಕೆ ಎಂದು ಎಂ.ಎ. ಓದುತ್ತಿದ್ದ ನಾನು ವಾದಿಸಿದೆ. ಗೋಡೆಗೆ ಸುಣ್ಣ ಬಳಿಯುವ ನೆಪದಲ್ಲಿ ಪಟವನ್ನು ಅಟ್ಟಕ್ಕೆ ಸೇರಿಸಿದೆ. ಅಜ್ಜಿ ಏನೂ ಹೇಳಲಿಲ್ಲ.

ಮುಂದೆ ಸಂಶೋಧನೆಗಾಗಿ ಮಂಗಳೂರಿನಲ್ಲಿ ಒಂದು ಪ್ರಾಟೆಸ್ಟೆಂಟ್ ಮನೆಯಲ್ಲಿ ಬಾಡಿಗೆಗಿದ್ದೆ. ಅವರ ಜಗಲಿಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಸತ್ಯವೇದದ ವಾಕ್ಯವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅದಕ್ಕೊಂದು ಚರಿತ್ರೆಯಿದೆ. 1529ರಲ್ಲಿ ಸಂತರ ಪ್ರತಿಮೆಗಳನ್ನು ಒಡೆದ ಬಾಸೆಲ್ ನಗರದಿಂದಲೇ 1834ರಲ್ಲಿ ಮಿಶನರಿಗಳು ಮಂಗಳೂರಿಗೆ ಬಂದರು. 1841ರಲ್ಲಿ ಅಚ್ಚುಕೂಟ ತೆರೆದರು. ಅವರು ಅಕ್ಷರವನ್ನು ನಂಬಿದವರು. ಅದೇ ಊರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನು ಕಥೋಲಿಕರಾದ ಜೆಸುಯಿಟ್ ಸಹೋದರ ಮೊಸ್ಕೇನಿ 1899ರಿಂದ ಚಿತ್ರಗಳಿಂದ ತುಂಬಿದರು. ವಿಗ್ರಹ ನಿಷೇಧವನ್ನು ಕಥೋಲಿಕರು ಮೊದಲ ಆಜ್ಞೆಯೊಳಗೇ ಎಣಿಸಿದರೆ, ಈ ಸುಧಾರಕರು ಅದನ್ನೇ ಎರಡನೆಯ ಆಜ್ಞೆಯಾಗಿ ಬೇರ್ಪಡಿಸಿ ಎಣಿಸುತ್ತಾರೆ.

ಮನೆಯೊಡತಿ ಮಾತ್ರ ಕಾರ್ಕಳದ ಕಡೆಯ ಕಥೋಲಿಕ ಮನೆತನದಿಂದ ಬಂದವರು. ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅವರು ಅತ್ತೂರು ಜಾತ್ರೆಯಿಂದ ತಂದ ಸಂತ ಲಾರೆನ್ಸರ ಪಟವನ್ನು ಅಂಟಿಸಿದ್ದರು. ಸಂತರ ಕೈಯಲ್ಲಿ ಅವರನ್ನು ಸುಟ್ಟರೆನ್ನಲಾದ ಕಬ್ಬಿಣದ ಜಾಲರಿ. “ಇವರಿಗೆ ಗೊತ್ತುಂಟು, ಕೇಳುವುದಿಲ್ಲ” ಎಂದು ಆಕೆ ನಕ್ಕಿದ್ದರು.

ಹಲವು ವರ್ಷಗಳ ಬಳಿಕ ಹೋದಾಗ ಆಕೆ ಇರಲಿಲ್ಲ. ಕಪಾಟಿಗೆ ಹೊಸ ಬಣ್ಣ ಬಂದಿತ್ತು. ಬಾಗಿಲು ತೆರೆದು ನೋಡಿದೆ: ಪಟದ ಸುತ್ತ ಬೆರಳಗಲದಷ್ಟು ಹಳೆಯ ಬಣ್ಣವನ್ನು ಹಾಗೆಯೇ ಬಿಟ್ಟಿದ್ದರು. ಯಜಮಾನರು ಹೇಳಿದರು: “ನಾನು ಅದಕ್ಕೆ ಕೈಮುಗಿಯುವುದಿಲ್ಲ ಮಾಷ್ಟ್ರೇ. ಆದರೆ ಅವಳು ದಿನಾ ನಿಲ್ಲುತ್ತಿದ್ದ ಜಾಗ ಅದು.”

ಮತಗಳ ಭೇದವನ್ನು ನಾವು ಗ್ರಂಥಗಳಲ್ಲಿ ಓದುತ್ತೇವೆ. ಆ ಭೇದದೊಡನೆ ಜನ ಬಾಳುವ ಬಗೆ ಗ್ರಂಥದಲ್ಲಿ ಸಿಗುವುದಿಲ್ಲ. ಅದಕ್ಕೆ ಕಪಾಟಿನ ಬಾಗಿಲನ್ನೂ ತೆರೆಯಬೇಕಾಗುತ್ತದೆ. ಸಿದ್ಧಾಂತದ ಮಟ್ಟಿಗೆ ನನ್ನ ವಾದದಲ್ಲಿ ತಪ್ಪಿರಲಿಲ್ಲ. ಅವರ ಸಿದ್ಧಾಂತದಲ್ಲಿಯೂ ಸಡಿಲವಿರಲಿಲ್ಲ. ಆದರೂ ಅವರು ಬೆರಳಗಲ ಜಾಗ ಬಿಟ್ಟಿದ್ದರು.

ಊರಿಗೆ ಮರಳಿದವನು ಅಟ್ಟ ಹತ್ತಿದೆ. ಕಟ್ಟನ್ನೂ ಕಾಗದವನ್ನೂ ಗೆದ್ದಲು ತಿಂದಿತ್ತು. ಗಾಜು ಮಾತ್ರ ಉಳಿದಿತ್ತು. ಅಜ್ಜಿ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.